ಕಿಸೆಯೊಳಗಿನ ಚಾವಿ
(ತೋಡೂರಿನಲ್ಲಿ ಆಡಿದ ಮಾತು)

ಮನೆಗೆ ಬೀಗ ಹಾಕಿ ಬಂದವರು ಕಿಸೆ ಮುಟ್ಟಿ ನೋಡಿಕೊಳ್ಳಿ. ಒಳಗಿರುವುದು ಚಾವಿ. ಅದು ನಮ್ಮದೇ ಮಾತೆಂದು ಪತ್ರಿಕೆಗೆ ಸೇರುವವರೆಗೂ ನಾನು ನಂಬಿದ್ದೆ! ಅದು ಪೋರ್ಚುಗೀಸರದು. 1510ರಲ್ಲಿ ಗೋವೆ ಹಿಡಿದ ಅವರು ಕಾಳುಮೆಣಸಿನ ವ್ಯಾಪಾರಕ್ಕೆ ಹೊನ್ನಾವರ, ಭಟ್ಕಳದವರೆಗೂ ಬಂದವರು. ಬಟಾಟೆ, ಅನಾನಸು, ಕಾಜು ಎಂಬ ಹೆಸರುಗಳೂ ಅವರ ಬಾಯಿಂದಲೇ ಬಂದವು. ತಮಾಷೆಯೆಂದರೆ, ಲಿಸ್ಬನ್ನಿನಲ್ಲಿ ಆ ‘ಚ’ ಸವೆದು ‘ಶ’ ಆಗಿದೆ. ಅವರ ಪೂರ್ವಜರ ಉಚ್ಚಾರ ನಮ್ಮ ಬಾಯಲ್ಲಿ ಉಳಿದಿದೆ.

ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ಇಲ್ಲಿ ನೆಲೆಸಿದವರೂ ಈ ಸಭೆಯಲ್ಲಿದ್ದೀರಿ. ಆ ಮನೆಗಳ ಚಾವಿಗೆ ಈಗ ಬಾಗಿಲಿಲ್ಲ. ಅಲ್ಲಿಯ ಗದ್ದೆ, ಬಾವಿ, ಬೇಲೆಗಳ ಹೆಸರು ನಿಮಗೆ ಬಾಯಿಪಾಠ, ಮೊಮ್ಮಕ್ಕಳಿಗೆ ಗೊತ್ತಿದೆಯೇ? ಒಂದೊಂದಾಗಿ ಹೇಳಿ, ಬರೆದುಕೊಳ್ಳುತ್ತೇನೆ. ನೋಟ್‌ಬುಕ್ ತಂದಿದ್ದೇನೆ.