ಬೋಟ್ಸ್‌ವಾನಾ ದೇಶದಲ್ಲಿ ಪರದೇಶೀಯ ವರ್ತಕರಿಗಿರುವ ಅವಕಾಶ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಈ ಸಭೆಯಲ್ಲಿ ವ್ಯಾಪಾರವೃತ್ತಿಯವರು ಬಹುಮಂದಿ ಇರುವುದರಿಂದ, ಆಫ್ರಿಕಾ ಖಂಡದ ಒಂದು ರಾಷ್ಟ್ರದಲ್ಲಿ ಪರದೇಶದ ವರ್ತಕರಿಗೆ ತೆರೆದಿರುವ ಮಾರ್ಗವನ್ನು ಕುರಿತು ಹೇಳುವುದು ಅಪ್ರಸ್ತುತವಾಗಲಾರದು.

ಬೋಟ್ಸ್‌ವಾನಾ ವಿಸ್ತಾರದಲ್ಲಿ ದೊಡ್ಡದು, ಜನಸಂಖ್ಯೆಯಲ್ಲಿ ಚಿಕ್ಕದು. 2022ರ ಗಣತಿಯಂತೆ 23 ಲಕ್ಷಕ್ಕೆ ತುಸು ಮೇಲೆ. 1966ರಲ್ಲಿ ಸ್ವತಂತ್ರವಾದಾಗ ಅದು ಕಡುಬಡ ದೇಶವಾಗಿದ್ದಿತು. ಮರುವರ್ಷ ಒರಾಪದಲ್ಲಿ ವಜ್ರದ ಗಣಿ ದೊರೆಯಿತು. 1976ರಿಂದ ಚಲಾವಣೆಯಲ್ಲಿರುವ ಅಲ್ಲಿಯ ನಾಣ್ಯಕ್ಕೆ ‘ಪುಲ’ ಎಂದು ಹೆಸರು, ಪುಲವೆಂದರೆ ಮಳೆ. ಕಲಹರಿಯ ಮರಳುಗಾಡಿನ ಜನಕ್ಕೆ ಮಳೆಯೇ ಐಶ್ವರ್ಯವಷ್ಟೆ!

ಒಂದು ಸಂಸ್ಥೆಯು ತನ್ನ ಹೆಸರನ್ನೂ ಕಾರ್ಯಪದ್ಧತಿಯನ್ನೂ ಅನ್ಯರಿಗೆ ಉಪಯೋಗಿಸಲು ಕೊಟ್ಟು, ಪ್ರವೇಶಶುಲ್ಕವನ್ನೂ ಮಾರಾಟದಲ್ಲಿ ಪಾಲನ್ನೂ ಪಡೆಯುವ ಕ್ರಮಕ್ಕೆ ಫ್ರಾಂಚೈಸಿ ಎನ್ನುವರು. ಬಂಡವಾಳ ಸ್ಥಳೀಕನದು, ವಿದ್ಯೆ ಪರದೇಶದ್ದು. ರಾಜಧಾನಿಯಾದ ಗ್ಯಾಬರೋನಿಯಲ್ಲಿ ಸ್ಪಾರ್ ದಿನಸಿ ಮಳಿಗೆಗಳೂ ನಾಂಡೋಸ್, ವಿಂಪಿ ಮೊದಲಾದ ಉಪಾಹಾರಗೃಹಗಳೂ ನೆಲೆಯೂರಿವೆ. ದಕ್ಷಿಣ ಆಫ್ರಿಕದೊಡನೆ 1910ರಿಂದ ಸುಂಕಸಂಘವಿರುವುದರಿಂದ ಅಲ್ಲಿಯ ಸರಕು ಸುಂಕವಿಲ್ಲದೆ ಬರುತ್ತದೆ. 1999ರಲ್ಲಿ ವಿದೇಶೀ ಹಣದ ನಿರ್ಬಂಧ ರದ್ದಾದುದರಿಂದ ಪಾಲಿನ ಹಣವನ್ನು ಹೊರಕ್ಕೆ ಕಳುಹಿಸುವುದೂ ಸುಲಭವಾಯಿತು.

ಆದರೆ ಅವಕಾಶವನ್ನು ಕಂಡವನು ಅಳತೆಯನ್ನೂ ಕಾಣಬೇಕು. ಜನವು ವಿರಳವಾದ ನಾಡಿನಲ್ಲಿ ಒಂದೇ ಬಗೆಯ ಅಂಗಡಿಗಳು ಹತ್ತಾರು ನಿಲ್ಲಲಾರವು. ಕೆಲವು ಸಣ್ಣ ವ್ಯಾಪಾರಗಳನ್ನು ಕಾನೂನು ಆ ದೇಶದ ಪ್ರಜೆಗಳಿಗೇ ಮೀಸಲಿಟ್ಟಿದೆ. ಪರಸ್ಥಳದಲ್ಲಿ ಹೆಸರೊಂದೇ ಸಾಲದೆಂಬುದಕ್ಕೆ ಆ ನಾಡಿನ ಚಾಪೀಸ್ ಸಂಸ್ಥೆಯೇ ನಿದರ್ಶನ. 1986ರಲ್ಲಿ ಲೊಬಾಟ್ಸೆಯಲ್ಲಿ ಒಂದು ಅಂಗಡಿಯಾಗಿ ಹುಟ್ಟಿ, ಸ್ವಂತ ಮಳಿಗೆಗಳ ಮೂಲಕ ಸ್ವದೇಶದಲ್ಲೆಲ್ಲ ಬೆಳೆದ ಅದು, ದಕ್ಷಿಣ ಆಫ್ರಿಕಕ್ಕೆ ಹೋಗಿ ನಷ್ಟಪಟ್ಟು 2020ರಲ್ಲಿ ಅಲ್ಲಿಯ ಮಳಿಗೆಗಳನ್ನು ಬಿಟ್ಟುಕೊಡಬೇಕಾಯಿತು.

2023ರಿಂದೀಚೆಗೆ ವಜ್ರದ ಬೇಡಿಕೆ ಕುಗ್ಗಿ ಆ ದೇಶದ ಬೊಕ್ಕಸಕ್ಕೆ ಪೆಟ್ಟುಬಿದ್ದಿದೆ. ಗಣಿಯನ್ನೇ ನೆಚ್ಚಿದ ನಾಡಿನ ತರುಣರಿಗೆ ಬೇರೆ ಕಸುಬು ಬೇಕು. ಸರಕೆಲ್ಲ ಹೊರಗಿನಿಂದ ಬಂದು, ಲಾಭವೆಲ್ಲ ಹೊರಕ್ಕೆ ಹೋಗಿ, ಅವರಿಗೆ ಬಾಗಿಲು ಕಾಯುವ ಕೂಲಿಯಷ್ಟೇ ಉಳಿದರೆ ಅಂತಹ ವ್ಯಾಪಾರ ಬಹುಕಾಲ ಬಾಳದು. ಲೆಕ್ಕವಿಡುವುದನ್ನೂ ಅಂಗಡಿ ನಡೆಸುವುದನ್ನೂ ಕಲಿಸಿ, ತರಕಾರಿ ಮಾಂಸಾದಿಗಳನ್ನು ಅಲ್ಲಿಯ ರೈತರಿಂದಲೇ ಕೊಂಡರೆ, ಕೊಟ್ಟವನ ಹೆಸರೂ ಪಡೆದವನ ಮನೆಯೂ ಒಟ್ಟಿಗೆ ಬೆಳೆಯುವುವು. ಹೆಸರನ್ನು ಮಾರುವವನು ವಿದ್ಯೆಯನ್ನೂ ಕೊಡಲಿ. ಆ ಒಣನೆಲದಲ್ಲಿ ಅದೇ ನಿಜವಾದ ಪುಲ ಎಂದು ಹೇಳಿ ವಿರಮಿಸುವೆನು.