ಯಾವುದು ಮೊದಲು, ಯಾವುದಕ್ಕೆ ಯಾವುದು ಬೇಕು



ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ನಮ್ಮ ಕರಾವಳಿಗೆ ಹೊಸತಲ್ಲ. ರಾತ್ರಿ ಕರೆಂಟು ಹೋಗುತ್ತದೆ, ಯುಪಿಎಸ್ ಬ್ಯಾಟರಿಯೂ ಮುಗಿಯುತ್ತದೆ. ಬೆಳಗಿನ ಜಾವ ಕರೆಂಟು ಬಂದಾಗ ಸರ್ವರ್ ತಾನಾಗಿ ಏಳುತ್ತದೆ, ಹತ್ತಿರ ಯಾರೂ ಇರುವುದಿಲ್ಲ. ಅದಕ್ಕೇ ಸೇವೆಗಳು ಯಾವ ಸರದಿಯಲ್ಲಿ ಶುರುವಾಗಬೇಕು ಎಂಬ ಪ್ರಶ್ನೆ ಇಲ್ಲಿ ಬರಿಯ ಪಠ್ಯದ ವಿಷಯವಲ್ಲ.

ಕಾಲೇಜು ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶವನ್ನೇ ನೋಡಿ. ಅದರ ಬೆನ್ನಿಗೆ ಮರಿಯಾಡಿಬಿ ದತ್ತಸಂಚಯ, ಹುಡುಕಾಟಕ್ಕೆ ಜೀಬ್ರಾ, ಪುಟ ತೋರಿಸಲು ಅಪಾಚೆ ಇರುತ್ತವೆ. ಅಪಾಚೆ ಎದ್ದು ದತ್ತಸಂಚಯ ಏಳದಿದ್ದರೆ ಓದುಗನಿಗೆ ಸಿಗುವುದು ದೋಷದ ಸಂದೇಶ ಮಾತ್ರ.

ಹಳೆಯ ಸಿಸ್ಟಮ್ ಫೈವ್ ಪದ್ಧತಿಯಲ್ಲಿ ಸ್ಕ್ರಿಪ್ಟಿನ ಹೆಸರಿಗೆ ಸಂಖ್ಯೆ ಅಂಟಿಸುತ್ತಿದ್ದರು: ಎಸ್20 ಮೊದಲು, ಎಸ್80 ಆಮೇಲೆ. ಆ ಸಂಖ್ಯೆ ಏಕೆ ಎಂಬುದು ಬರೆದವರ ತಲೆಯಲ್ಲೇ ಉಳಿಯುತ್ತಿತ್ತು. 2000ದಲ್ಲಿ ಬಂದ ನೆಟ್‌ಬಿಎಸ್‌ಡಿ 1.5 ಇದನ್ನು ಬದಲಿಸಿತು. ಪ್ರತಿ ಸ್ಕ್ರಿಪ್ಟು ತನಗೆ ಏನು ಬೇಕು, ತಾನು ಏನು ಕೊಡುತ್ತೇನೆ ಎಂದು ಹೇಳುತ್ತದೆ. ಸರದಿಯನ್ನು ಆರ್‌ಸಿಆರ್ಡರ್ ಎಂಬ ಪ್ರೋಗ್ರಾಮ್ ಲೆಕ್ಕಹಾಕುತ್ತದೆ. 2005ರಲ್ಲಿ ಸೋಲಾರಿಸ್ 10, 2010ರಲ್ಲಿ ಲಿನಕ್ಸಿನ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಈ ವಿಚಾರವನ್ನು ತಮ್ಮ ರೀತಿಯಲ್ಲಿ ಮುಂದಕ್ಕೆ ಒಯ್ದವು.

ಸಿಸ್ಟಮ್‌ಡಿಯಲ್ಲಿ ಸರದಿ ಬೇರೆ, ಅವಲಂಬನೆ ಬೇರೆ. ಇಂದಿನ ಚರ್ಚೆಯ ತಿರುಳು ಇದು. ಸೇವೆಯ ವಿವರ ಬರೆಯುವ ಯೂನಿಟ್ ಕಡತದಲ್ಲಿ 'ಆಫ್ಟರ್' ಎಂದು ಬರೆದರೆ ಎರಡೂ ಶುರುವಾಗುವುದಿದ್ದಾಗ ಇದು ಆಮೇಲೆ ಎಂದಷ್ಟೇ ಅರ್ಥ. ಮೊದಲಿನದು ಸೋತರೂ ಇದು ಶುರುವಾಗುತ್ತದೆ. 'ರಿಕ್ವೈರ್ಸ್' ಮಾತ್ರ ಬರೆದರೆ ಅದು ಬೇಕು ಎಂದಾಯಿತು, ಆದರೆ ಎರಡೂ ಒಟ್ಟಿಗೇ ಏಳುತ್ತವೆ. ದತ್ತಸಂಚಯವನ್ನೇ ನಂಬಿದ ಸೇವೆಗೆ ಎರಡೂ ಸಾಲು ಬೇಕು.

ಅಷ್ಟಾದರೂ ಮುಗಿಯಲಿಲ್ಲ. ಶುರುವಾಗುವುದು ಒಂದು, ಸಿದ್ಧವಾಗುವುದು ಇನ್ನೊಂದು. ಕರೆಂಟು ಥಟ್ಟನೆ ಹೋದ ಮೇಲೆ ದತ್ತಸಂಚಯ ಎದ್ದೊಡನೆ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳುತ್ತದೆ; ಸಂಗ್ರಹ ದೊಡ್ಡದಿದ್ದರೆ ನಿಮಿಷಗಟ್ಟಲೆ ಹಿಡಿದೀತು. ಸೇವೆ ಶುರುವಾಗಲು ಕೊಡುವ ಸಾಮಾನ್ಯ ಅವಧಿ 90 ಸೆಕೆಂಡು. ಅದು ಮೀರಿದರೆ ಸಿಸ್ಟಮ್‌ಡಿ ಸೇವೆ ಸೋತಿತೆಂದು ಬಗೆದು, ದುರಸ್ತಿ ನಡೆಯುತ್ತಿರುವಾಗಲೇ ಅದನ್ನು ನಿಲ್ಲಿಸಿಬಿಡುತ್ತದೆ. ದತ್ತಸಂಚಯಕ್ಕೆ ಈ ಅವಧಿಯನ್ನು ಹೆಚ್ಚಿಸಿಡಲೇಬೇಕು. ಸಿದ್ಧವಾದೆ ಎಂದು ಸೇವೆಯೇ ತಿಳಿಸುವ 'ನೋಟಿಫೈ' ಬಗೆಯನ್ನು ಸಾಧ್ಯವಿದ್ದಲ್ಲೆಲ್ಲ ಬಳಸಬೇಕು.

'ಸ್ಲೀಪ್ 30' ಎಂದು ಬರೆದು ಕಾಯಿಸುವ ಅಭ್ಯಾಸ ಇನ್ನೂ ಇದೆ, ಅದು ತಪ್ಪು. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಬಿತ್ತುವವರು ಕ್ಯಾಲೆಂಡರಿನ ತಾರೀಕು ನೋಡಿ ಬಿತ್ತುವುದಿಲ್ಲ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದಿದೆಯೇ ಎಂದು ನೋಡುತ್ತಾರೆ. ಸೇವೆಯೂ ಕಾಯಬೇಕಾದದ್ದು ಸ್ಥಿತಿಗೆ, ಗಡಿಯಾರಕ್ಕಲ್ಲ.

ದತ್ತಸಂಚಯ ಬೇರೊಂದು ಯಂತ್ರದಲ್ಲಿದ್ದರೆ 'ಆಫ್ಟರ್' ಅದನ್ನು ಕಾಣಲಾರದು. ಆಗ ಸೇವೆ ಮರಳಿ ಯತ್ನಿಸುವಂತಿರಬೇಕು. ಇಲ್ಲೂ ಒಂದು ತೊಡಕಿದೆ: ಸಾಮಾನ್ಯವಾಗಿ 10 ಸೆಕೆಂಡಿನೊಳಗೆ 5 ಸಲ ಶುರುಮಾಡಿ ಸೋತರೆ ಸಿಸ್ಟಮ್‌ಡಿ ಕೈಬಿಡುತ್ತದೆ. ಯತ್ನಗಳ ನಡುವೆ ಅರ್ಧ ನಿಮಿಷದ ಅಂತರವಿಟ್ಟರೆ ಇದು ತಪ್ಪುತ್ತದೆ.

ಮಧ್ಯಾಹ್ನದ ಗೋಷ್ಠಿಗೆ ನನ್ನ ಬೇಡಿಕೆ ಇಷ್ಟೇ. ಒಂದು ಪ್ರಯೋಗಯಂತ್ರದ ಪ್ಲಗ್ಗನ್ನು ಕೆಲಸದ ನಡುವೆಯೇ ಕೀಳಿ, ಮತ್ತೆ ಹಾಕಿ, ಯಾರೂ ಕೈಹಚ್ಚದೆ ಎಲ್ಲ ಸೇವೆಗಳೂ ಏಳುತ್ತವೆಯೇ ನೋಡಿ. ಏಳದಿದ್ದರೆ ಕಾರಣ ಹುಡುಕಿ, ಅವಲಂಬನೆಯನ್ನು ಯೂನಿಟ್ ಕಡತದಲ್ಲಿ ಬರೆದಿಡಿ. ನಿಮ್ಮ ನಿಮ್ಮ ಕಚೇರಿಯಲ್ಲೂ ಈ ಪರೀಕ್ಷೆ ಜೂನ್ ಬರುವ ಮುಂಚೆ ಮುಗಿಯಲಿ.