ಕಲೆ ಕೆಂಪಗಿದೆ, ಯಾವುದರದ್ದು?

ತಿಂಡಿ ತಿಂತಾ ಕೇಳ್ತಿರೋರು ಪಾಸ್ ಮಾಡಿ, ಇವತ್ತಿನ ವಿಷಯ ರಕ್ತ.

ಬಾಗಿಲ ಮುಂದೆ ಕೆಂಪು ನೀರು ಚೆಲ್ಲಿದ್ರೆ ನಾವು ಹೆದರಲ್ಲ, ಆರತಿ ನೀರು ಅಂತ ಗೊತ್ತು. ಅರಿಶಿನಕ್ಕೆ ಸುಣ್ಣ ಸೇರಿದ್ರೆ ಕೆಂಪು. ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿ. ರಕ್ತ ಹಾಗೆ ಹಳದಿ ಆಗಲ್ಲ. ಬಿಕಾಂ ಮಾಡಿದ ನನಗೆ ಬರೋ ಕೆಮಿಸ್ಟ್ರಿ ಇಷ್ಟೇ.

ಫೊರೆನ್ಸಿಕ್‌ನವರದ್ದು ಕ್ಯಾಸಲ್-ಮೇಯರ್ ಟೆಸ್ಟ್. ಕಲೆ ಒರೆಸಿದ ಹತ್ತಿಗೆ ಫಿನಾಲ್ಫ್ತಲಿನ್ ದ್ರಾವಣ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ರಕ್ತವಿದ್ರೆ ಕೆಲವೇ ಸೆಕೆಂಡಲ್ಲಿ ಗುಲಾಬಿ. ಆದ್ರೆ ಕೆಲವು ತರಕಾರಿ ರಸಕ್ಕೂ ಗುಲಾಬಿ ಬರುತ್ತೆ. ಹಾಗಾಗಿ 'ಇರಬಹುದು' ಅಂತಷ್ಟೇ ಅದರ ಉತ್ತರ.

ಇದನ್ನೆಲ್ಲ ನಾನು ಓದಿದ್ದು ಅಜ್ಜಿಯಿಂದಾಗಿ. ಅವರಿಗೆ ದಿನವಿಡೀ ಎಲೆಅಡಿಕೆ. ಸೆರಗು, ದಿಂಬಿನ ಕವರ್, ಬಚ್ಚಲ ಗೋಡೆ ಎಲ್ಲ ಕೆಂಪು. ನಾವು ಸೋಪು ಹಾಕಿ ತಿಕ್ಕಿದ್ವಿ, ಬೈದ್ವಿ ಕೂಡ. ಒಂದು ಬೆಳಿಗ್ಗೆ ಅಮ್ಮ ಕವರ್ ಹಿಡ್ಕೊಂಡು ನಿಂತಿದ್ಲು. 'ನಿನ್ನೆ ಏಕಾದಶಿ, ಅತ್ತೆ ಎಲೆ ಮುಟ್ಟಿಲ್ಲ. ಇದೇನು ಮತ್ತೆ?'

ಕೆನ್ನೆ ಒಳಗೆ ಹುಣ್ಣಿತ್ತು. ತಿಂಗಳುಗಳಿಂದ ಇತ್ತಂತೆ, ಹೇಳಿರಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ಅಜ್ಜಿ ಹೊಗೆಸೊಪ್ಪು ಹಾಕ್ತಿರಲಿಲ್ಲ, ಅದೇ ನಮ್ಮ ಧೈರ್ಯ. ಆದ್ರೆ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಮಲೆನಾಡಿನ ಕೇಳುಗರು ಬೈಬೇಡಿ, ನಾನು ಓದಿದ್ದೂ ಅಡಿಕೆ ದುಡ್ಡಲ್ಲೇ. ಬಾಯಿ ಹುಣ್ಣು ಎರಡು ವಾರ ದಾಟಿದ್ರೆ ಡಾಕ್ಟರ್‌ಗೆ ತೋರಿಸಿ, ಅಷ್ಟೇ.

ಆಪರೇಷನ್ ಆಗಿದೆ. ಈಗ ಅಜ್ಜಿಗೆ ಬಿಳಿ ಕವರೇ ಹಾಕೋದು. ಅಮ್ಮ ದಿನಾ ಬೆಳಿಗ್ಗೆ ದಿಂಬು ತಿರುಗಿಸಿ ನೋಡ್ತಾಳೆ.